ಶನಿವಾರದವರೆಗೆ ನಿಲ್ಲಬೇಕಾದ ಹೂ

ಸುಮ್ಮನೆ ಕುಳಿತು ಕಾಯುವುದು ನನ್ನ ಕೈಲಾಗದ ಕೆಲಸ. ಚಿಕ್ಕವಳಿದ್ದಾಗ ಹಾಲಿಗೆ ಹೆಪ್ಪು ಹಾಕಿಟ್ಟ ಗಡಿಗೆಯ ಮುಚ್ಚಳವನ್ನು ಗಳಿಗೆಗೊಮ್ಮೆ ತೆಗೆದು ನೋಡುತ್ತಿದ್ದೆ. ನೋಡಿದರಷ್ಟೇ ಸಾಲದು, ಬೆರಳು ಅದ್ದಬೇಕು. ಗಟ್ಟಿಯಾಯಿತೋ ಇಲ್ಲವೋ ತಿಳಿಯಬೇಕಲ್ಲ! ಊಟದ ಹೊತ್ತಿಗೆ ಮೊಸರು ಒಡೆದು ನೀರು ಬಿಟ್ಟಿರುತ್ತಿತ್ತು. ಅವ್ವ ಲಟ್ಟಣಿಗೆ ಹಿಡಿದು ಬೆನ್ನು ಹತ್ತುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ ನಡುವೆ ಬಂದು ನನ್ನ ಬೆರಳು ಹಿಡಿದುಕೊಂಡು, “ಈ ಬೆರಳ ಕಟ್ಟಿ ಹಾಕಬೇಕ ನೋಡಬೇ ಯವ್ವಾ, ಇಕೀದೇನೂ ತಪ್ಪಿಲ್ಲ” ಎಂದು ನಗುತ್ತಿದ್ದಳು. ಈಗ ನನಗೆ ನಲವತ್ತು ದಾಟಿದೆ. ಬೆರಳು ಮಾತ್ರ ಇನ್ನೂ ಹಾಗೇ ಇದೆ.

ನನ್ನ ಮನೆ ಬ್ಯಾಡಗಿಯಲ್ಲಿ, ಕೆಲಸ ಹಾವೇರಿಯಲ್ಲಿ. ಒಂದು ಹಲ್ಲಿನ ದವಾಖಾನೆಯ ಕೌಂಟರಿನಲ್ಲಿ ಕೂರುತ್ತೇನೆ. ಕೂರುತ್ತೇನೆ ಅನ್ನುವುದು ಮಾತಿಗೆ. ದಿನಕ್ಕೆ ನೂರು ಸಲ ಏಳುತ್ತೇನೆ. ಚೀಟಿ ಬರೆಯುವುದು, ಹೆಸರು ಕೂಗುವುದು, ಕೆನ್ನೆ ಊದಿಸಿಕೊಂಡು ಬಂದವರಿಗೆ “ಇನ್ನ ಇಬ್ಬರ ಅದಾರ್ರಿ, ಕುಂದ್ರಿ” ಎಂದು ಸುಳ್ಳು ಹೇಳುವುದು, ಇಷ್ಟು ನನ್ನ ಉದ್ಯೋಗ. ಆ ಕೌಂಟರಿನ ಮೇಲೆ ಒಂದು ಗಾಜಿನ ಹೂದಾನಿ ಇತ್ತು, ಅದರಲ್ಲಿ ಪ್ಲಾಸ್ಟಿಕ್ ಗುಲಾಬಿ. ಏಳು ವರ್ಷ ಅವುಗಳ ಧೂಳು ಒರೆಸಿದ್ದೇನೆ. ಬಿಸಿಲಿಗೆ ಬಣ್ಣಗೆಟ್ಟು ಅವು ಹಲ್ಲು ಕಿತ್ತ ವಸಡಿನ ಹಾಗೆ ಕಾಣುತ್ತಿದ್ದವು. ನೋಡಿದಾಗಲೆಲ್ಲ ಮೈಯೆಲ್ಲ ಉರಿಯುತ್ತಿತ್ತು.

ಆದರೆ ನಾನು ಡಾಕ್ಟರ ಹತ್ತಿರ ತಾಜಾ ಹೂವಿನ ಮಾತು ತೆಗೆದದ್ದು ಪ್ಲಾಸ್ಟಿಕ್ಕಿನ ಮೇಲಿನ ಸಿಟ್ಟಿಗಲ್ಲ. ಅಕ್ಕನಿಗಾಗಿ.

ಅಕ್ಕನನ್ನು ರಾಣೆಬೆನ್ನೂರಿನ ಹತ್ತಿರದ ಹಲಗೇರಿಗೆ ಕೊಟ್ಟಿದ್ದಾರೆ. ಭಾವ ಟ್ರ್ಯಾಕ್ಟರ್ ಹೊಡೆಯುತ್ತಾರೆ. ಅಕ್ಕ ಇಪ್ಪತ್ತು ವರ್ಷಕ್ಕೂ ಮೇಲೆ ಕ್ರಾಸಿಂಗ್ ಕೆಲಸಕ್ಕೆ ಹೋದವಳು. ಬೀಜದ ಕಂಪನಿಗಳಿಗಾಗಿ ಹೊಲದಲ್ಲಿ ಹೂವಿಗೆ ಹೂ ಕೂಡಿಸುವ ಕೆಲಸ ಅದು. ಮೆಣಸಿನ ಗಿಡದ ಮೊಗ್ಗು ಎಷ್ಟಿರುತ್ತದೆ? ಒಂದು ಶೇಂಗಾ ಕಾಳಿನಷ್ಟೂ ಇಲ್ಲ. ಅದನ್ನು ಅರಳುವ ಮುಂಚೆಯೇ ಬಿಡಿಸಿ, ಒಳಗಿನ ಗಂಡು ಎಳೆಗಳನ್ನು ಚಿಮಟದಿಂದ ಒಂದೊಂದಾಗಿ ಕೀಳಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ಜಾತಿಯ ಗಿಡದ ಹೂವಿನ ಪುಡಿ ತಂದು ತಾಗಿಸಬೇಕು. ತಾಗಿಸಿದ ಮೇಲೆ ಆ ಹೂವಿನ ತೊಟ್ಟಿಗೆ ಒಂದು ಕೆಂಪು ದಾರ ಕಟ್ಟುತ್ತಾರೆ. ದಾರ ಕಟ್ಟಿದ ಹೂವನ್ನು ಮತ್ತೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಹೊಲದ ಈ ತುದಿಯಿಂದ ಆ ತುದಿಯವರೆಗೆ ಬೈಗುಳ ಕೇಳಬೇಕು. ಹೈಸ್ಕೂಲಿನ ಸೂಟಿಯಲ್ಲಿ ಒಮ್ಮೆ ನಾನೂ ಅಕ್ಕನ ಜೊತೆ ಹೋಗಿದ್ದೆ. ದಾರ ಕಟ್ಟಿದ ಹೂಗಳನ್ನೇ ಹುಡುಕಿ ಹುಡುಕಿ, ಕಾಯಿ ಕಟ್ಟಿತೇ ಎಂದು ಬಿಡಿಸಿ ನೋಡಿದೆ. ಮಧ್ಯಾಹ್ನದೊಳಗೆ ನನ್ನನ್ನು ಮನೆಗೆ ಓಡಿಸಿದರು.

“ಹೂವಿಗೆ ಕಾಯೂದು ಗೊತ್ತೈತಿ, ನಿನಗ ಗೊತ್ತಿಲ್ಲ” ಎಂದು ಅಕ್ಕ ಅವತ್ತು ಛೇಡಿಸಿದ್ದಳು. ಪುಡಿ ತಾಗಿದ ಹೂ ಮರುದಿನವೇ ಮುದುಡುತ್ತದಂತೆ. ಕಣ್ಣು ತಪ್ಪಿ ಬಿಟ್ಟುಹೋದ ಹೂ ಮಾತ್ರ ಎರಡು ದಿನವಾದರೂ ಬಾಯಿ ತೆರೆದುಕೊಂಡು ನಿಂತೇ ಇರುತ್ತದಂತೆ. ಹೂವಿನ ಆಯುಷ್ಯದ ಲೆಕ್ಕವನ್ನು ಅಕ್ಕ ಕಲಿತದ್ದು ಹೀಗೆ, ಸೊಂಟ ಬಗ್ಗಿಸಿಕೊಂಡು.

ಹೋದ ವರ್ಷದ ಹಂಗಾಮಿನಲ್ಲಿ ಅವಳ ಕಣ್ಣು ಕೈಕೊಟ್ಟವು. ಮಧ್ಯಾಹ್ನದ ಬಿಸಿಲಿಗೆ ಒಂದು ಮೊಗ್ಗು ಎರಡಾಗಿ ಕಾಣುತ್ತಿತ್ತು. ಕನ್ನಡಕ ಮಾಡಿಸಿದರೂ ಬೆವರಿಗೆ ಮಂಜಾಗುತ್ತಿತ್ತು. ಚಿಮಟ ಹಿಡಿಯುವ ಹೆಬ್ಬೆರಳಿಗೆ ಜೋಮು. “ಕಾಕೂ, ಮೊಗ್ಗು ಹರೀಲಿಕ್ಕತ್ತೀರಿ, ಜ್ವಾಕಿ” ಎಂದು ಮಗನ ವಯಸ್ಸಿನ ಸೂಪರ್‌ವೈಸರ್ ಎಲ್ಲರ ಮುಂದೆ ಅಂದನಂತೆ. ಅಕ್ಕ ಇದನ್ನು ನನಗೆ ಹೇಳಿದ್ದು ಆರು ತಿಂಗಳಾದ ಮೇಲೆ, ಅದೂ ನಗುತ್ತಾ. ನನಗೆ ನಗು ಬರಲಿಲ್ಲ. ಆ ಹುಡುಗನನ್ನು ಹುಡುಕಿಕೊಂಡು ಹೋಗಿ ನಾಲ್ಕು ಮಾತು ಅನ್ನೋಣ ಅನಿಸಿತ್ತು.

ಅವಳ ಹೊಲದ ಬದಿಗೆ ಹತ್ತು ಗುಂಟೆ ಸುಗಂಧರಾಜ ಇದೆ. ನಮ್ಮ ಕಡೆ ಸುಗಂಧಿ ಅಂತಾರೆ. ನಸುಕಿನಲ್ಲಿ ಮೊಗ್ಗು ಬಿಡಿಸಿ ರಾಣೆಬೆನ್ನೂರಿನ ಪ್ಯಾಟಿಗೆ ತೂಕದ ಲೆಕ್ಕದಲ್ಲಿ ಹಾಕುತ್ತಾಳೆ, ಅಲ್ಲಿ ಮಾಲೆ ಕಟ್ಟುವವರು ಒಯ್ಯುತ್ತಾರೆ. ಆಷಾಢ ಬಂತೆಂದರೆ ಮದುವೆ ಇಲ್ಲ, ಮಾಲೆ ಇಲ್ಲ, ಹೂವನ್ನು ಕೇಳುವವರಿಲ್ಲ. ಹೋದ ಆಷಾಢದಲ್ಲಿ ಬುಟ್ಟಿಗಟ್ಟಲೆ ತಿಪ್ಪೆಗೆ ಸುರಿದಳು. ಆಗ ನನ್ನ ತಲೆಯಲ್ಲಿ ಹುಳ ಹೊಕ್ಕಿತು: ಬಿಡಿ ಹೂ ಯಾಕೆ, ಕಡ್ಡಿ ಸಮೇತ ಕೊಟ್ಟರೆ? ಹೂದಾನಿಗೆ?

“ನೀರಾಗ ಇಟ್ಟು ಅದು ಬಾಡೂದನ್ನ ನೋಡ್ಕೊಂತ ಕುಂದ್ರೂದು ಯಾವ ಚಂದವಾ?” ಎಂದು ಅಕ್ಕ ಬೆರಗಾದಳು. ಅವಳ ಬೆರಗು ಸರಿಯೇ. ನಮ್ಮಲ್ಲಿ ಹೂವೆಂದರೆ ದೇವರ ತಲೆಗೆ, ಇಲ್ಲವೇ ಹೆಂಗಸರ ತಲೆಗೆ. ಮೊಳ ಹಾಕಿ ಕೊಳ್ಳುವುದು, ಸಂಜೆಗೆ ಮುಡಿಯುವುದು, ಬೆಳಗಾದರೆ ತೆಗೆಯುವುದು. ನಿನ್ನೆಯ ಹೂವನ್ನು ಇವತ್ತು ಇಟ್ಟುಕೊಳ್ಳುವವರು ಯಾರು?

ಡಾಕ್ಟರ ಮುಂದೆ ಮಾತು ತೆಗೆದಾಗ ಅವರು ಕೈಗವಸು ಕಳಚುತ್ತಾ ಒಂದೇ ಉಸಿರಿಗೆ ಹೇಳಿದರು: “ಸೋಮವಾರ ಇಟ್ಟ ಹೂ ಶನಿವಾರ ಮಧ್ಯಾಹ್ನ ನಾ ಬಾಗಲಾ ಹಾಕೂ ತನಕ ನೋಡೂ ಹಂಗ ಇರಬೇಕು. ಇದ್ರ ಪ್ರತಿ ವಾರ ತಗೋತೀನಿ, ನನ್ನ ಗೆಳತ್ಯಾರು ಇಬ್ಬರು ದವಾಖಾನಿ ಇಟ್ಟಾರ, ಅವರಿಗೂ ಕೊಡಸ್ತೀನಿ. ಇಲ್ಲಂದ್ರ ನಮಗ ಪ್ಲಾಸ್ಟಿಕ್ಕೇ ಚೊಲೋ.”

ಅಕ್ಕನಿಗೆ ಫೋನ್ ಮಾಡಿದೆ. ಡಾಕ್ಟರ ಷರತ್ತು ತಿಳಿಸಿದೆ. ಅವಳು ಹೇಳಿದಳು: “ಶನಿವಾರ ತನಕ ನಿಲ್ಲತಾವ, ಅಂಜಬ್ಯಾಡ. ಮರುದಿನ ಆಯ್ತವಾರ ಕ್ರಾಸಿಂಗಿಗೆ ಹೆಸರು ಬರಕೊಳ್ಳಾಕ ಬರ್ತಾರ. ಮೂರು ಕಡೆ ವಾರಾ ಹೂ ಹೋದ್ರ ನನಗ ಸಾಕ ತಂಗಿ. ಹೆಸರು ಬರಸೂದಿಲ್ಲ.”

ಹೆಸರು ಬರೆಸುವುದಿಲ್ಲ ಅಂದಾಗ ಅವಳ ದನಿಯಲ್ಲಿ ಇದ್ದ ಆಸೆ! ನನಗೆ ಆ ಕ್ಷಣದಿಂದಲೇ ಕೂತಲ್ಲಿ ಕೂರಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ಮುಂಚೆಯೇ ಹೋಗಿ ನಿಂತೆ. ಅಕ್ಕ ರಾಣೆಬೆನ್ನೂರಿನಲ್ಲಿ ಕಂಡಕ್ಟರ ಕೈಗೆ ಕೊಟ್ಟು ಕಳಿಸಿದ್ದಳು. ಒದ್ದೆ ಧೋತರದ ತುಂಡಿನಲ್ಲಿ ಸುತ್ತಿದ ಉದ್ದನೆಯ ಗಂಟು. “ಏನ್ ವಾಸನಿರಿ ಬಾಯಾರ, ಇಡೀ ಬಸ್ಸು ಮದವಿ ಮನಿ ಆಗೇತಿ” ಎಂದು ನಗುತ್ತಾ ಕೊಟ್ಟ ಆ ಕಂಡಕ್ಟರ್. ಹನ್ನೆರಡು ಕಡ್ಡಿ. ಬುಡದ ಕಡೆ ಎರಡು ಮೂರು ಹೂ ಅರಳಿದ್ದವು, ಮೇಲೆಲ್ಲ ಹಸಿರು ಕಲೆಸಿದ ಬಿಳಿ ಮೊಗ್ಗು. ಪ್ಲಾಸ್ಟಿಕ್ ಗುಲಾಬಿಯನ್ನು ಕಪಾಟಿನ ತಳಕ್ಕೆ ನೂಕಿ, ಹೂದಾನಿ ತಿಕ್ಕಿ ತೊಳೆದು ಇಟ್ಟೆ. ದವಾಖಾನೆಯ ಔಷಧದ ನಾತವೇ ಅಡಗಿಹೋಯಿತು.

ಅಷ್ಟರಲ್ಲಿ ಅಕ್ಕನ ಫೋನ್. “ಕೇಳಿಲ್ಲೆ. ದಿನಾ ನೀರು ಬದಲಿ ಮಾಡು. ಬುಡಾ ಒಂದ್ ಬೆರಳಿನಷ್ಟು ಓರಿ ಮಾಡಿ ಕೊಯ್ಯಿ, ನೀರು ಏರಬೇಕು. ಮತ್ತ ಕೆಳಗಿನ ಹೂ...”

ಕೌಂಟರ್ ಮುಂದೆ ನಾಲ್ಕು ಜನ ನಿಂತಿದ್ದರು. “ಆತು ಆತು, ಗೊತ್ತೈತಿ” ಎಂದು ಇಟ್ಟುಬಿಟ್ಟೆ. ಏನು ಗೊತ್ತಿತ್ತು? ನನ್ನ ತಲೆ!

ಮಂಗಳವಾರ ಒಂಬತ್ತೂವರೆಗೆ ದವಾಖಾನೆಗೆ ಕಾಲಿಟ್ಟರೆ ಹೂದಾನಿ ಖಾಲಿ. ಯಾರೋ ತೊಳೆದು ಬೋರಲು ಹಾಕಿದ್ದರು. ಹುಡುಕುತ್ತಾ ಹಿತ್ತಲಿಗೆ ಓಡಿದೆ. ಕಸ ಹೊಡೆದು ನೆಲ ಒರೆಸುವ ಆಯಾ ಕಾಗಿನೆಲೆಯ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುತ್ತಾಳೆ. ಎಂಟಕ್ಕೆಲ್ಲ ಬೆಳಗಿನ ಕೆಲಸ ಮುಗಿಸಿರುತ್ತಾಳೆ. ನಮ್ಮ ದವಾಖಾನೆ ಹಳೆಯ ಮನೆಯೊಂದರಲ್ಲಿ ಇರುವುದರಿಂದ ಹಿತ್ತಲಲ್ಲಿ ತುಳಸಿ ಕಟ್ಟೆ ಇದೆ. ಅಲ್ಲಿ, ತುಳಸಿಯ ಬುಡದಲ್ಲಿ, ಹನ್ನೆರಡೂ ಕಡ್ಡಿ ಸಾಲಾಗಿ ಮಲಗಿದ್ದವು.

“ನಿನ್ನಿ ಹೂ ಅಲ್ರಿ ಬಾಯಾರ. ಬೆಳಗಾತು, ತೆಗದೆ. ಕಸದಾಗ ಹಾಕಿಲ್ಲ ಮತ್ತ, ತುಳಸವ್ವನ ಬುಡಕ್ಕ ಇಟ್ಟೇನಿ” ಎಂದಳು ಆಯಾ. ಒಳ್ಳೆಯ ಕೆಲಸ ಮಾಡಿದೆನೆಂಬ ಮುಖ.

ಅವಳು ಅಕ್ಕನ ವಾರಿಗೆಯವಳು. ಅದನ್ನೂ ನೋಡದೆ ಬಾಯಿಗೆ ಬಂದದ್ದೆಲ್ಲ ಅಂದೆ. “ದೇವರಿಗೆ ಏರಿಸಿದ್ದೇನ ಇದು? ನೀರಾಗ ಇರಬೇಕ ಇದು, ನೀರಾಗ! ನೆಲಕ್ಕ ಒಣಾ ಒಗದ್ರ ಜೀವಾ ಹೋಗತೈತಿ, ಅಷ್ಟೂ ತಿಳೀಬಾರ್ದನು? ಇನ್ನೊಮ್ಮೆ ಮುಟ್ಟಿದಿ ಅಂದ್ರ ನೋಡು!” ಅವಳು ಪೊರಕೆ ಎತ್ತಿಕೊಂಡು ಹೋದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಬುಡ ಕೊಯ್ದು, ತಣ್ಣೀರಿನಲ್ಲಿ ನಿಲ್ಲಿಸಿ, ಮಧ್ಯಾಹ್ನದವರೆಗೆ ಎರಡು ನಿಮಿಷಕ್ಕೊಮ್ಮೆ ನೋಡಿದೆ. ಊಟದ ಹೊತ್ತಿಗೆ ತಲೆ ಎತ್ತಿದವು. ನಾನೂ ಒಂದು ತುತ್ತು ಉಂಡೆ.

ಬುಧವಾರ ಸಲಹೆಗಳ ಸಂತೆ. ಹಲ್ಲುನೋವಿನವರಿಗೆ ತಮ್ಮ ನೋವು ಮರೆಯಲು ಏನಾದರೂ ಬೇಕಲ್ಲ. ಹತ್ತಿಯನ್ನು ದವಡೆಯಲ್ಲಿ ಒತ್ತಿ ಹಿಡಿದ ಹಿರಿಯರೊಬ್ಬರು ಸನ್ನೆಯಲ್ಲೇ ಸಕ್ಕರೆ ಹಾಕು ಎಂದರು. ಕಾಲೇಜಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ನೋಡಿ ನಿಂಬೆರಸ ಅಂದಳು. ಮಗಳ ಹಲ್ಲಿಗೆ ತಂತಿ ಹಾಕಿಸಲು ಬಂದ ತಾಯಿ, “ಜ್ವರದ ಗುಳಿಗಿ ಅರದ ಹಾಕ್ರಿ, ನಮ್ಮ ಓಣ್ಯಾಗ ಎಲ್ಲಾರೂ ಹಾಕ್ತಾರ” ಎಂದರು. ಅವರ ಓಣಿಯಲ್ಲಿ ಯಾರು ಹೂದಾನಿ ಇಟ್ಟಿದ್ದಾರೋ ದೇವರೇ ಬಲ್ಲ. ತಾಮ್ರದ ಬಿಲ್ಲೆ ಹಾಕಿ ಎಂದು ಇನ್ನೊಬ್ಬರು.

ಬುದ್ಧಿಯಿದ್ದವಳಾದರೆ ಒಂದನ್ನು ಹಾಕಿ ಕಾಯುತ್ತಿದ್ದಳು. ನಾನು ಎಲ್ಲವನ್ನೂ ಹಾಕಿದೆ. ಎರಡು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣು, ಎರಡು ಗುಳಿಗೆ, ಮನೆಯಿಂದ ತಂದ ತಾಮ್ರದ ಉದ್ಧರಣೆ. ಮುಖ ತೊಳೆಯುವ ಸೋಪಿನ ಒಂದು ಹನಿಯನ್ನೂ ಯಾಕೆ ಹಾಕಿದೆನೋ ಇವತ್ತಿಗೂ ಗೊತ್ತಿಲ್ಲ. ಅಷ್ಟೆಲ್ಲ ಹಾಕಿದ ನೀರನ್ನು ಬದಲಿಸಲು ಮನಸ್ಸು ಬರಲಿಲ್ಲ, ಹಾಗೇ ಬಿಟ್ಟೆ.

ಗುರುವಾರ ಬೆಳಿಗ್ಗೆ ನೀರು ಗಂಜಿಯಂತಾಗಿತ್ತು. ಬಗ್ಗಿ ಮೂಸಿದರೆ ವಾಕರಿಕೆ. ಅದಕ್ಕಿಂತ ಹೆಚ್ಚಾಗಿ, ಪ್ರತಿ ಕಡ್ಡಿಯ ಬುಡದ ಎರಡು ಮೂರು ಹೂ ಕಂದು ಬಣ್ಣಕ್ಕೆ ತಿರುಗಿ ಜೋತುಬಿದ್ದಿದ್ದವು. ಮುಗಿಯಿತು ಅಂದುಕೊಂಡೆ. ಗುರುವಾರವೇ ಹೀಗಾದರೆ ಶನಿವಾರಕ್ಕೆ ಇನ್ನೇನು ಉಳಿಯುತ್ತದೆ? ಅಕ್ಕ ಹೊಲದ ಬದುವಿನಲ್ಲಿ ನಿಂತು ಹೆಸರು ಬರೆಸುವುದು, ಆ ಹುಡುಗ ಮತ್ತೆ “ಕಾಕೂ ಜ್ವಾಕಿ” ಅನ್ನುವುದು, ಎಲ್ಲ ಕಣ್ಣ ಮುಂದೆ ಬಂತು. ಮೂರು ಸಲ ಫೋನ್ ಎತ್ತಿಕೊಂಡೆ, ಮೂರು ಸಲವೂ ಕೆಳಗಿಟ್ಟೆ. ಏನಂತ ಹೇಳುವುದು? ಸೋಪು ಹಾಕಿದೆ ಅನ್ನುವುದೇ?

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ದವಾಖಾನೆಗೆ ಬಿಡುವು. ಡಾಕ್ಟರ ಕಾರು ಗೇಟು ದಾಟಿದ್ದೇ ತಡ, ಆಟೋ ಹತ್ತಿ ಮದುವೆ ಕಾರು ಅಲಂಕರಿಸುವ ಹೂವಿನ ಅಂಗಡಿಗೆ ಹೋದೆ. ಸುಗಂಧರಾಜದ ಕಡ್ಡಿ ಇದ್ದವು. ಫ್ರಿಜ್ಜಿನಿಂದ ತೆಗೆದು, ನೀರು ಚಿಮುಕಿಸಿ, “ಇವತ್ತ ಬಂದಾವ್ರಿ, ಫ್ರೆಶ್” ಎಂದ ಅಂಗಡಿಯವ. ಬಿಳಿ ಬಿಳಿಯಾಗಿ, ಉಬ್ಬಿಕೊಂಡು, ಅಕ್ಕನ ಹೂವಿಗಿಂತ ದಪ್ಪವಾಗಿಯೇ ಇದ್ದವು. ಹನ್ನೆರಡು ಎಣಿಸಿಕೊಂಡು ಬಂದೆ. ಅಕ್ಕನ ಕಡ್ಡಿಗಳನ್ನು ಹೂದಾನಿಯಿಂದ ಹಿಡಿಯಾಗಿ ಎಳೆದು, ಹಿತ್ತಲ ಗೋಡೆಯ ಕಸದ ಡ್ರಮ್ಮಿಗೆ ಹಾಕಿ, ತಿರುಗಿ ನೋಡದೆ ಒಳಗೆ ಬಂದೆ. ಕೈಗೆ ಅದೇ ವಾಸನೆ. ಎರಡು ಸಲ ತೊಳೆದುಕೊಂಡರೂ ಹೋಗಲಿಲ್ಲ.

ಶುಕ್ರವಾರ ಡಾಕ್ಟರು ಕೌಂಟರ್ ಮುಂದೆ ನಿಂತು, “ಅಡ್ಡಿಯಿಲ್ಲರೀ, ಐದನೇ ದಿನಕ್ಕ ಇನ್ನೂ ಚೊಲೋ ಕಾಣಾಕತ್ತಾವ” ಎಂದರು. ನನಗೆ ನೆಲ ಬಿರಿಯಬಾರದೇ ಅನಿಸಿತು. ಸ್ವಲ್ಪ ಹೊತ್ತಿಗೆ ಅಕ್ಕನ ಫೋನ್.

“ಹೆಂಗದಾವ?”

“ಚೊಲೋ ಅದಾವ.”

“ಖರೇನ?”

“ಖರೇನವಾ.”

“ಹಂಗಾರ ನಾಳೆ ನಾನ ಬರ್ತೇನಿ. ಹೂದಾನ್ಯಾಗ ನಿಂತ ನಮ್ಮ ಸುಗಂಧಿ ನಾನೂ ನೋಡಿಲ್ಲ, ನೋಡೇಬಿಡ್ತೇನಿ. ಗೆಳತ್ಯಾರ ದವಾಖಾನಿಗೆ ತೋರಸಾಕ ನಾಕು ಕಡ್ಡೀನೂ ತರ್ತೇನಿ.”

ಬೇಡ ಅನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟಳು. ಅವತ್ತು ಇಬ್ಬರ ಚೀಟಿ ಅದಲುಬದಲಾಗಿ, ಒಬ್ಬರ ಹಲ್ಲಿನ ಫೋಟೊ ಇನ್ನೊಬ್ಬರ ಕೈಗೆ ಹೋಯಿತು. ಹಿತ್ತಲ ಕಡೆಗೆ ಮಾತ್ರ ಹೋಗಲಿಲ್ಲ. ಆ ಡ್ರಮ್ಮು ನೋಡುವ ಧೈರ್ಯ ಇರಲಿಲ್ಲ. ಸಂಜೆ ಬ್ಯಾಡಗಿ ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋದೆ. ಮನೆಯಲ್ಲಿ ಅತ್ತೆ, “ಏನಾಗೇತಿ ನಿನಗ? ಮೂರು ಸಲ ಉಪ್ಪು ಹಾಕೀದಿ” ಎಂದು ಸಾರಿನ ಬೋಗುಣಿಯನ್ನು ಮುಂದಕ್ಕೆ ತಳ್ಳಿದರು.

ಶನಿವಾರ ಹತ್ತು ಗಂಟೆಗೆ ಅಂಗಡಿಯ ಹೂಗಳ ಕತ್ತು ಬಾಗಿತ್ತು. ಎಷ್ಟು ದಿನ ಫ್ರಿಜ್ಜಿನಲ್ಲಿ ಮಲಗಿದ್ದವೋ ಏನೋ, ಹೊರಗಿನ ಗಾಳಿ ತಾಗಿದ್ದೇ ಸೋತುಬಿಟ್ಟಿದ್ದವು. ಬುಡ ಕೊಯ್ದೆ. ನೀರು ಬದಲಿಸಿದೆ. ದಾರ ಸುತ್ತಿ ನೆಟ್ಟಗೆ ನಿಲ್ಲಿಸಲು ನೋಡಿದೆ. ಹನ್ನೊಂದಕ್ಕೆ ಎಸಳುಗಳು ಮೆತ್ತಗಾಗಿ ಅಂಟಿಕೊಂಡವು. ಮುಟ್ಟಿದಷ್ಟೂ ಕೆಡುತ್ತಿದ್ದವು, ಮುಟ್ಟುವುದನ್ನು ನಿಲ್ಲಿಸಲು ನನ್ನಿಂದ ಆಗುತ್ತಿರಲಿಲ್ಲ.

ಹನ್ನೆರಡೂವರೆಗೆ ಅಕ್ಕ ಬಂದಳು. ಮದುವೆ ಮುಂಜಿಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು, ಕಂಕುಳಲ್ಲಿ ಒದ್ದೆ ಬಟ್ಟೆಯ ಗಂಟು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ದೇವರ ಗುಡಿಗೆ ಬಂದವಳ ಹಾಗೆ ಸೆರಗು ಸರಿಮಾಡಿಕೊಂಡು ಕೌಂಟರ್ ಹತ್ತಿರ ಬಂದಳು. ಹೂದಾನಿ ನೋಡಿದಳು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದಳು. ಒಂದು ಹೂವನ್ನು ಬೆರಳಿಂದ ಬಿಡಿಸಿದಳು.

“ಇವು ನಮ್ಮವಲ್ಲ” ಎಂದಳು.

ಸರಿಯಾಗಿ ಆಗಲೇ ಡಾಕ್ಟರು ಒಳಗಿನಿಂದ ಬಂದರು. ಅಕ್ಕನಿಗೆ ಅವರು ಯಾರೆಂದೂ ಗೊತ್ತಿಲ್ಲ, ನನ್ನ ಮುಖ ನೋಡುವ ಪುರುಸೊತ್ತೂ ಇಲ್ಲ. “ಇದು ಡಬಲ್ ಐತಿ, ಎಸಳಿನ ಮ್ಯಾಲೆ ಎಸಳು. ನಮ್ಮದು ಸಿಂಗಲ್. ಐದು ಆರು ಎಸಳು ಅಷ್ಟ. ನನ್ನ ಹೂ ಎಲ್ಲಿ ಅದಾವ ತಂಗಿ?”

ವೇಟಿಂಗ್ ಹಾಲಿನಲ್ಲಿ ಕೂತವರೆಲ್ಲ ದವಡೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ಇನ್ನು ಮುಚ್ಚಿಡುವುದಕ್ಕೆ ಏನಿತ್ತು? ಹೇಳಿಬಿಟ್ಟೆ: ಗುರುವಾರ ಬಾಡಿದವೆಂದು ಒಗೆದದ್ದು, ಅಂಗಡಿಯಿಂದ ತಂದು ಇಟ್ಟದ್ದು, ಸಕ್ಕರೆ, ನಿಂಬೆ, ಸೋಪು, ಎಲ್ಲ.

“ಅಂದ್ರ ಖರೇ ಹೂ ಗುರುವಾರಕ್ಕ ಹೋದವು ಅಂದಂಗಾತು” ಎಂದರು ಡಾಕ್ಟರು. ಸಿಟ್ಟಿನಿಂದ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು. ಅಕ್ಕ ಕಂಕುಳಿನ ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಅವಳ ಮುಖ ನೋಡಲಾರದೆ ನಾನು ಕೌಂಟರಿನ ಮೇಲಿನ ಕರೆಗಂಟೆಯನ್ನು ಒರೆಸತೊಡಗಿದೆ.

ಹಿಂದಿನ ಬಾಗಿಲಲ್ಲಿ ನೆಲ ಒರೆಸುವ ಬಟ್ಟೆ ಹಿಡಿದು ನಿಂತಿದ್ದ ಆಯಾ ನಾಲ್ಕು ದಿನದ ಮೇಲೆ ಬಾಯಿ ಬಿಟ್ಟಳು. “ಯಾವ ಹೂ? ಡ್ರಮ್ಮಿನ್ಯಾಗ ಒಗದಿದ್ರಲ್ಲ, ಅವನ? ಅವು ಎಲ್ಲಿ ಹೋಗ್ಯಾವ? ಹಿತ್ತಲದಾಗ ಅದಾವಲ್ಲ!”

ಹೋಗಿ ತಂದಳು. ಸಲೈನಿನ ದೊಡ್ಡ ಬಾಟಲಿಯ ಕತ್ತು ಕೊಯ್ದು ನೀರು ತುಂಬಿದ್ದಳು. ಅದರಲ್ಲಿ ಅಕ್ಕನ ಹನ್ನೆರಡು ಕಡ್ಡಿ. ಕೆಳಗಿನ ಅರ್ಧ ಬೋಳು, ಮೇಲಿನ ಅರ್ಧದಲ್ಲಿ ಸೋಮವಾರ ಹಸಿರು ಮೊಗ್ಗಾಗಿದ್ದವೆಲ್ಲ ಬಿಳಿಯಾಗಿ ಅರಳಿ ನಿಂತಿದ್ದವು. ತುದಿಯಲ್ಲಿ ಇನ್ನೂ ನಾಲ್ಕಾರು ಮೊಗ್ಗು ಬಾಕಿ. ಹಾಲ್ ತುಂಬ ಅದೇ ವಾಸನೆ, ಬಸ್ಸನ್ನು ಮದುವೆ ಮನೆ ಮಾಡಿದ್ದು.

“ರಗತದ ಹತ್ತಿಯೊಳಗ ಹೂ ಒಗೀತಾರೇನ್ರಿ?” ಆಯಾ ನನಗೆ ಕೇಳಿದಳು. “ತುಳಸವ್ವನ ಮುಂದ ಇಡೂಣಂತ ತೆಗದೆ. ಒಣಾ ಇಟ್ಟರ ಮತ್ತ ನೀವ ಬೈತೀರಿ, ಅದಕ್ಕ ತೊಳದು ನೀರಾಗ ನಿಂದ್ರಿಸಿದೆ. ದಿನಾ ಮುಂಜಾನೆ ನಿನ್ನೀವು ಕಿತ್ತು ತೆಗದೆ, ಇವತ್ತಿನ್ವು ಬಿಟ್ಟೆ. ದೇವರ ಮುಂದ ಒಣಗಿದ್ದು ಇಡಬಾರದಲ್ರಿ.”

ಅಕ್ಕ ಬಾಟಲಿಯನ್ನು ಕೈಗೆ ತೆಗೆದುಕೊಂಡು ಬೋಳಾದ ಬುಡವನ್ನು ಹೆಬ್ಬೆರಳಿಂದ ಸವರಿದಳು. “ಹಿಂಗ ಮಾಡಬೇಕ್ರಿ. ಕೆಳಗಿನ್ವು ತೆಗದ್ರ ಮ್ಯಾಲಿನ್ವಕ್ಕ ನೀರು ಏರತೈತಿ, ಒಂದಾದ ಮ್ಯಾಲ ಒಂದು ಅರಳತಾವ” ಎಂದು ಆಯಾಳಿಗೇ ಹೇಳಿದಳು. ಸೋಮವಾರ ನಾನು ಫೋನ್ ಇಟ್ಟಾಗ ಅರ್ಧಕ್ಕೆ ನಿಂತ ಮಾತು ಅದು. ಅವಳಿಗೆ ಅದು ನೆನಪಿತ್ತು, ನನಗೂ ಆಗ ನೆನಪಾಯಿತು.

ಡಾ‌ಕ್ಟರು ಅಂಗಡಿಯ ಹೂವಿನ ಹೂದಾನಿಯನ್ನು ತಾವೇ ಎತ್ತಿ ಪಕ್ಕಕ್ಕಿಟ್ಟರು. ಸಲೈನ್ ಬಾಟಲಿ ಕೌಂಟರಿನ ಮೇಲೆ ಬಂತು. “ಶನಿವಾರ ಅಂದಿದ್ದೆ, ಶನಿವಾರಕ್ಕ ಅದಾವ. ಸೋಮವಾರದಿಂದ ಕಳಸ್ರಿ. ಆ ನಾಕು ಕಡ್ಡಿ ಕೊಡ್ರಿಲ್ಲೆ, ನಾನ ಒಯ್ದು ತೋರಸ್ತೀನಿ” ಎಂದು ಅಕ್ಕನ ಮುಂದೆ ಕೈಚಾಚಿದರು. ಅಕ್ಕ ಗಂಟು ಬಿಚ್ಚಿ ಕೊಟ್ಟಳು. ನನ್ನ ಕಡೆ ನೋಡಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಿಡಲು ಜೊತೆಗೆ ಹೋದೆ. ಗಿರಮಿಟ್ ತಿನ್ನೋಣ ಅಂದೆ, ಬೇಡ ಅಂದಳು. ಚಹಾ ಅಂದೆ, ಅದೂ ಬೇಡ. ರಾಣೆಬೆನ್ನೂರು ಬಸ್ಸು ಬಂದು ನಿಂತಿತು, ಇಂಜಿನ್ ಗುರುಗುಟ್ಟುತ್ತಿತ್ತು. ನಾನು ತಡೆಯಲಾರದೆ, “ಅಕ್ಕಾ, ಸಿಟ್ಟಾದಿಯೇನ?” ಎಂದು ಕೇಳಿಯೇಬಿಟ್ಟೆ. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ.

“ಸಿಟ್ಟೇನಿಲ್ಲ” ಎಂದಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. “ಇಪ್ಪತ್ತು ವರ್ಷ ಹೂವಿನ ಜೋಡಿ ಬಾಳೇವು ಮಾಡೇನಿ. ಶನಿವಾರ ತನಕ ನಿಲ್ಲತಾವ ಅಂತ ನಾ ಹೇಳಿದ್ನಲ್ಲ. ನಿನಗ ಅಂಗಡಿಯಾಂವನ ಮ್ಯಾಲ ನಂಬಿಕಿ ಬಂತು, ನನಗ ಒಂದ್ ಫೋನ್ ಮಾಡಾಕ ಆಗಲಿಲ್ಲ.”

ಬಸ್ಸು ಹೊರಟಿತು. ನನ್ನ ಅಕ್ಕನಿಗಾಗಿ ಒದ್ದಾಡುತ್ತಿದ್ದೇನೆ ಎಂದುಕೊಂಡೇ ಅಕ್ಕನ ಮಾತನ್ನು ಪೂರ್ತಿ ಕೇಳಿರಲಿಲ್ಲ. ಆ ನಾಚಿಕೆ ಇವತ್ತಿಗೂ ಹಸಿಯಾಗಿದೆ.

ಭಾನುವಾರ ಅಕ್ಕ ಹೆಸರು ಬರೆಸಲಿಲ್ಲ. ಆ ಸುದ್ದಿಯನ್ನು ನನಗೆ ಹೇಳಿದ್ದು ಭಾವ.

ಸೋಮವಾರ ಬೆಳಿಗ್ಗೆ ಮತ್ತೆ ಬಸ್ ಸ್ಟ್ಯಾಂಡಿಗೆ ಹೋದೆ. ಅದೇ ಕಂಡಕ್ಟರ್ ನಗುತ್ತಾ ಗಂಟು ಕೊಟ್ಟ. ಅದೇ ಒದ್ದೆ ಧೋತರ, ಅದೇ ವಾಸನೆ. ಎಷ್ಟು ಕಡ್ಡಿ ಕಳಿಸಿದ್ದಾಳೆ, ಎಷ್ಟು ಅರಳಿವೆ ನೋಡೋಣವೆಂದು ಅಲ್ಲೇ ಬೆಂಚಿನ ಮೇಲಿಟ್ಟು ಬಿಚ್ಚಲು ಹೋದೆ. ಗಂಟಿನ ಬಾಯಿಗೆ ಕೆಂಪು ದಾರ ಕಟ್ಟಿತ್ತು. ಕ್ರಾಸಿಂಗ್ ಹೊಲದ ದಾರ. ಒಂದಲ್ಲ, ಮೂರು ಸುತ್ತು.

ಬೆರಳು ದಾರದ ಮೇಲೆಯೇ ನಿಂತಿತು. ಬೆಂಚಿನ ಮೇಲೆ ಕುಳಿತೆ. ನಗು ಬಂತು, ಅಳುವೂ ಬಂತು. ಆಮೇಲೆ ಎದ್ದು ದವಾಖಾನೆಗೆ ನಡೆದೆ. ಹಿತ್ತಲಲ್ಲಿ ಆಯಾ ತುಳಸಿಗೆ ನೀರು ಹಾಕುತ್ತಿದ್ದಳು. “ಮಂಗಳವಾರ ಅಂದಿದ್ದೆಲ್ಲಾ ತಪ್ಪಾತ್ರಿ” ಎಂದು, ಗಂಟನ್ನು ಬಿಚ್ಚದೆ ಹಾಗೇ ಅವಳ ಕೈಗೆ ಕೊಟ್ಟೆ.